ಬೀಗದ ಕೈ



ಕಳೆದ ಭಾನುವಾರ ಜ್ವರ ಬಂದು ಮಲಗಿದ್ದೆ. ವಿಹಾರದ ಬೀಗದ ಕೈ ನನ್ನ ಚೀಲದಲ್ಲೇ ಉಳಿದಿತ್ತು. ನಮ್ಮ ಯುವಜನ ಸಂಘದ ಮಕ್ಕಳು ಜಗಲಿಯಲ್ಲೇ ಕೂತು ತ್ರಿಸರಣ, ಪಂಚಶೀಲ ಹೇಳಿ, ಓದು ಮುಗಿಸಿ ಹೋದರಂತೆ. ಪಿಯುಸಿ ಹುಡುಗಿಯೊಬ್ಬಳು ನಡೆಸಿಕೊಟ್ಟಳಂತೆ. ಕೇಳಿ ಮೊದಲು ಹೊಟ್ಟೆಕಿಚ್ಚೇ ಆಯಿತು, ಸುಳ್ಳೇಕೆ ಹೇಳಲಿ?

ಬುದ್ಧರು ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಧಮ್ಮವೇ ನಿಮಗೆ ಗುರು ಎಂದರು. ಈ ಮಾತನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಅವರು 45 ವರ್ಷ ಎಲ್ಲರಿಗೂ ಕಲಿಸಿ, ಆಮೇಲೆ ಯಾರನ್ನೂ ನೇಮಿಸಲಿಲ್ಲ. ನಾನು 9 ವರ್ಷದಿಂದ ಲೆಕ್ಕದ ಪುಸ್ತಕವನ್ನೂ ಯಾರಿಗೂ ತೋರಿಸಿಲ್ಲ.

ಈ ಭಾನುವಾರ ಪುಸ್ತಕ, ಬೀಗದ ಕೈ ಎರಡನ್ನೂ ಮಕ್ಕಳ ಮುಂದಿಡುತ್ತೇನೆ. ಯಾರಿಗೆಂದು ಅವರೇ ಕೂತು ತೀರ್ಮಾನಿಸಲಿ. ಏಪ್ರಿಲ್ 14ರ ಜಯಂತಿಗೆ ನನ್ನದು ಕುರ್ಚಿ ಜೋಡಿಸುವ ಕೆಲಸ. ಮೈಕಿನ ಹತ್ತಿರ ಸುಳಿದರೆ ಯಾರಾದರೂ ತಡೆಯಿರಿ.