ಅರಸರು ಹೊಲಕ್ಕೆ ಬಂದಾಗ



1925ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಸ್ಥಾಪಿಸಿದ ಕ್ರಿಸ್ತರಾಜರ ಹಬ್ಬ ಈಗ ನವೆಂಬರ್ 20ರಿಂದ 26ರೊಳಗಿನ ರವಿವಾರ ಬರುತ್ತದೆ. ಕಲಘಟಗಿ ತಾಲೂಕಿನ ತಂಬೂರ ಸೀಮೆಯಲ್ಲಿ ಅದು ಭತ್ತದ ಕೊಯ್ಲಿನ ಕಾಲ.

ಮೆರವಣಿಗೆ ಬೇಕು, ಹೂಮಾಲೆಯೂ ಬೇಕು. ಬೇಡವೆನ್ನಲು ನಾನು ಯಾರು? ಆದರೆ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಈ ಅರಸರು ಜಯಕಾರದ ಲೆಕ್ಕ ಕೇಳುವುದಿಲ್ಲ. ಹಸಿದವರಿಗೆ ಉಣಬಡಿಸಿದ್ದನ್ನು, ಬಡಿಸದೆ ಕಳುಹಿಸಿದ್ದನ್ನು ತಮಗೇ ಮಾಡಿದ್ದೆಂದು ಎಣಿಸುತ್ತಾರೆ.

ಪೀಠದ ಮುಂದೆ ಮಂಡಿಯೂರುವ ನಾವು ನಮ್ಮ ಹೊಲದಲ್ಲಿ ಮಾತ್ರ ಸ್ವತಃ ದೊರೆಗಳು! ಕೊಯ್ಲಿಗೆ ಬಂದ ಹೆಣ್ಣಾಳಿಗೆ “ನಾಳೆ ಬಾ” ಎಂದು ಕೂಲಿ ತಡೆದಿರುವಾಗ ಯಾವ ರಾಜರಿಗೆ ಶರಣೆಂದು ಹಾಡುತ್ತೇವೆ? ನಮ್ಮ ಭಕ್ತಿ ಕಪಟವೆಂದು ಹೇಳಲಾರೆ. ಅದು ದೇವಾಲಯದ ಹೊಸ್ತಿಲಲ್ಲೇ ನಿಂತುಬಿಟ್ಟಿದೆ. ಈ ಸಲ ಶನಿವಾರ ಸಂಜೆಯೇ ಬಾಕಿ ಕೂಲಿ ಮುಟ್ಟಿಸಿ, ಮರುದಿನ ಬಲಿಪೂಜೆಗೆ ಬನ್ನಿ.