ಬರೆಯಲು ಬಾರದ ದೊರೆಯ ಹೆಸರಿನ ಪೆನ್ನು

ಮಾಂಟ್‌ಬ್ಲಾಂಕ್ ಕಂಪನಿ 1992ರಿಂದ ವರ್ಷ ವರ್ಷವೂ ಇತಿಹಾಸದ ಕಲಾಪೋಷಕರ ಹೆಸರಿನಲ್ಲಿ ಸೀಮಿತ ಸಂಖ್ಯೆಯ ದುಬಾರಿ ಫೌಂಟನ್ ಪೆನ್ನುಗಳನ್ನು ಹೊರತರುತ್ತಿದೆ. ಮೊದಲು ಬಂದವನು ಫ್ಲಾರೆನ್ಸಿನ ಲೊರೆಂಜೊ ದೆ ಮೆದಿಚಿ. ಆಮೇಲೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, ರಷ್ಯದ ಪೀಟರ್, ಅಲೆಕ್ಸಾಂಡರ್ ದಿ ಗ್ರೇಟ್. 2000ದಲ್ಲಿ ಆ ಗೌರವ ಶಾರ್ಲಮೇನ್‌ಗೆ ಸಂದಿತು. ಕ್ರಿ.ಶ. 800ರ ಕ್ರಿಸ್‌ಮಸ್ ದಿನ ರೋಮಿನಲ್ಲಿ ಪೋಪನ ಕೈಯಿಂದ ಚಕ್ರವರ್ತಿಯ ಕಿರೀಟ ತೊಟ್ಟ ಫ್ರಾಂಕರ ದೊರೆ ಈತ. ತಯಾರಾದದ್ದು 4810 ಪೆನ್ನುಗಳು. ಮೀಟರ್ ಲೆಕ್ಕದಲ್ಲಿ ಅದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಎತ್ತರ. ಇನ್ನೂ ಅಪರೂಪದ್ದು ಬೇಕೆನ್ನುವವರಿಗಾಗಿ 888 ಪೆನ್ನುಗಳ ಬೇರೊಂದು ಆವೃತ್ತಿಯೂ ಇತ್ತು.

ಈ ದೊರೆಗೆ ಬರವಣಿಗೆ ಒಲಿದಿರಲಿಲ್ಲ.

ಹೀಗೆಂದವನು ವೈರಿಯಲ್ಲ, ಆಸ್ಥಾನದಲ್ಲೇ ಇದ್ದು ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್. ಶಾರ್ಲಮೇನ್ ದಿಂಬಿನಡಿಯಲ್ಲಿ ಬರೆಯುವ ಹಲಗೆಗಳನ್ನೂ ಪುಟ್ಟ ಪುಸ್ತಕಗಳನ್ನೂ ಇಟ್ಟುಕೊಳ್ಳುತ್ತಿದ್ದನಂತೆ. ಬಿಡುವು ಸಿಕ್ಕಾಗ ಅಕ್ಷರ ತಿದ್ದುತ್ತಿದ್ದ. ಆದರೆ ಕಲಿಯಲು ಕೂತದ್ದು ತೀರಾ ತಡವಾಗಿ, ಕೈ ಪಳಗಲಿಲ್ಲ. ರಾಜಶಾಸನಗಳಲ್ಲಿ ಅವನ ಹೆಸರಿನ ಅಕ್ಷರಗಳನ್ನು ಶಿಲುಬೆಯ ಆಕಾರದಲ್ಲಿ ಲಿಪಿಕಾರರೇ ಜೋಡಿಸುತ್ತಿದ್ದರು. ನಡುವಣ ಚೌಕದೊಳಗೆ ಸಣ್ಣದೊಂದು ಗೀಟು ಎಳೆದರೆ ದೊರೆಯ ಕೆಲಸ ಮುಗಿಯಿತು. ಅರ್ಧ ಯುರೋಪನ್ನು ಆಳಿದವನು ಬಿಡುವಿನಲ್ಲಿ ಕೂತು ಮಗುವಿನಂತೆ ಅಕ್ಷರ ತಿದ್ದುವ ಈ ಚಿತ್ರ ಅವನ ಯಾವ ದಂಡಯಾತ್ರೆಗಿಂತಲೂ ದೊಡ್ಡದು.

ಅಕ್ಷರದ ಮೇಲೆ ಇಷ್ಟು ಆಸೆ ಏಕೆ? ಉತ್ತರ ಅವನ ಧರ್ಮದಲ್ಲಿದೆ. 789ರಲ್ಲಿ ಹೊರಡಿಸಿದ ದೊಡ್ಡ ಆಜ್ಞೆಯಲ್ಲಿ ಅವನು ಮಠಗಳಲ್ಲೂ ಬಿಷಪ್ಪರ ಪೀಠಗಳಲ್ಲೂ ಹುಡುಗರಿಗೆ ಶಾಲೆ ನಡೆಸಿ ಎಂದ, ಪುಸ್ತಕಗಳನ್ನು ತಿದ್ದಿ ಎಂದ. ದೇವರನ್ನು ಸರಿಯಾಗಿ ಬೇಡಬೇಕೆಂದು ಹಂಬಲಿಸುವವರು ಪುಸ್ತಕದ ತಪ್ಪಿನಿಂದಾಗಿ ತಪ್ಪಾಗಿ ಬೇಡುತ್ತಾರೆ ಎಂಬುದು ಅವನ ಕಳವಳ. ಸುವಾರ್ತೆಯನ್ನು ನಕಲು ಮಾಡುವ ಕೆಲಸ ಹುಡುಗರಿಗೆ ಬೇಡ, ಪ್ರೌಢರೇ ಶ್ರದ್ಧೆಯಿಂದ ಮಾಡಲಿ ಎಂದೂ ಅದರಲ್ಲಿತ್ತು.

ದೇವರಿಗೆ ಕಾಗುಣಿತ ಮುಖ್ಯವೇ? ಈ ಪ್ರಶ್ನೆ ನಮಗೆ ಹೊಸದಲ್ಲ. ಸ್ವರ ತಪ್ಪಿದ್ದರಿಂದ ವೃತ್ರ ಇಂದ್ರನನ್ನು ಕೊಲ್ಲುವ ಬದಲು ತಾನೇ ಅವನ ಕೈಯಲ್ಲಿ ಸತ್ತ ಕಥೆ ವೈದಿಕ ಪರಂಪರೆಯಲ್ಲಿದೆ. ತಾಳ ತಿಳಿಯದವನ ಹಾಡೂ ದೇವರಿಗೆ ಸಲ್ಲುತ್ತದೆಂಬ ನಂಬಿಕೆ ಶರಣರದು. ಶಾರ್ಲಮೇನ್‌ನ ನಿಲುವು ಇವೆರಡಕ್ಕಿಂತ ಬೇರೆ. ಅವನು ಭಕ್ತನ ಮನಸ್ಸನ್ನು ಶಂಕಿಸಲಿಲ್ಲ. ತಪ್ಪು ಪುಸ್ತಕವನ್ನು ಭಕ್ತನ ಕೈಗಿಟ್ಟವರನ್ನು ಹೊಣೆ ಮಾಡಿದ. ಆ ಹೊಣೆಯಲ್ಲಿ ಮೊದಲ ಪಾಲು ತನ್ನದೇ ಎಂದು ನಂಬಿದ. ಓದು ಬರಹ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಇದು ಗಟ್ಟಿಯಾದ ಧಾರ್ಮಿಕ ವಿಚಾರ.

ಫಲ ಸಿಕ್ಕಿದ್ದು ಲಿಪಿಯಲ್ಲಿ. ಇಂದಿನ ಫ್ರಾನ್ಸ್ ಇರುವ ಗಾಲ್ ನಾಡಿನಲ್ಲಿ ಅದುವರೆಗೆ ಮಠಕ್ಕೊಂದು ಬಗೆಯ ಬರಹ, ಒಬ್ಬರದನ್ನು ಇನ್ನೊಬ್ಬರು ಓದುವುದೇ ಕಷ್ಟ. ಕಾರ್ಬಿಯಂಥ ಮಠಗಳಲ್ಲಿ ರೂಪುಗೊಂಡ ದುಂಡನೆಯ, ಬಿಡಿಬಿಡಿಯಾದ ಸಣ್ಣಕ್ಷರ ಅವನ ರಾಜ್ಯದುದ್ದಕ್ಕೂ ಹಬ್ಬಿತು. ಪದಗಳ ನಡುವೆ ಜಾಗ ಬಂತು, ವಿರಾಮಚಿಹ್ನೆ ಸ್ಪಷ್ಟವಾಯಿತು. ಇಂಗ್ಲೆಂಡಿನ ಯಾರ್ಕ್‌ನಿಂದ ಬಂದ ವಿದ್ವಾಂಸ ಆಲ್ಕುಯಿನ್ 796ರಲ್ಲಿ ತೂರ್ ನಗರದ ಸಂತ ಮಾರ್ಟಿನ್ ಮಠಾಧಿಪತಿಯಾಗಿ ಬೈಬಲ್ಲಿನ ಪಾಠ ತಿದ್ದಿಸಿದ. ಆರು ಶತಮಾನಗಳ ತರುವಾಯ ಫ್ಲಾರೆನ್ಸಿನ ಪಂಡಿತರು ಈ ಲಿಪಿಯನ್ನು ಪ್ರಾಚೀನ ರೋಮನ್ನರದೆಂದೇ ಭಾವಿಸಿ ಅನುಸರಿಸಿದರು. ಮುದ್ರಣದ ರೋಮನ್ ಅಚ್ಚು ಅದರಿಂದಲೇ ಹುಟ್ಟಿತು. ಇಂಗ್ಲಿಷಿನ ಸಣ್ಣಕ್ಷರ ಬರೆಯುವ ಪ್ರತಿ ಮಗುವೂ ಆ ಲಿಪಿಯ ವಾರಸುದಾರ. ಕಲಾಪೋಷಕ ಎಂಬ ಬಿರುದು ಅವನಿಗೆ ನ್ಯಾಯವಾಗಿಯೇ ಸಲ್ಲುತ್ತದೆ.

ಆದರೆ ದುಬಾರಿ ಪೆನ್ನಿನ ಚಿನ್ನದ ನಿಬ್ಬು ಅವನಿಗೆ ಒಪ್ಪುತ್ತದೆಯೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಅವನೂ ರಾಣಿ ಹಿಲ್ಡೆಗಾರ್ಡಳೂ 781ರ ಸುಮಾರಿಗೆ ಗೋಡೆಸ್ಕಾಲ್ಕ್ ಎಂಬ ಲಿಪಿಕಾರನಿಂದ ಬರೆಯಿಸಿದ ಸುವಾರ್ತಾ ಗ್ರಂಥ ಇಂದಿಗೂ ಪ್ಯಾರಿಸ್ಸಿನಲ್ಲಿದೆ: ನೇರಳೆ ಬಣ್ಣ ಬಳಿದ ಚರ್ಮದ ಹಾಳೆ, ಚಿನ್ನ ಬೆಳ್ಳಿಯ ಅಕ್ಷರ. ಇಂಥ ವೈಭವವನ್ನು ನಾಲ್ಕನೆಯ ಶತಮಾನದಲ್ಲೇ ಸಂತ ಜೆರೋಮ್ ಖಂಡಿಸಿದ್ದ. ಚಿನ್ನ ಕರಗಿಸಿ ಅಕ್ಷರ ಮಾಡುತ್ತೀರಿ, ಬಾಗಿಲಲ್ಲಿ ಕ್ರಿಸ್ತ ಬೆತ್ತಲೆಯಾಗಿ ಸಾಯುತ್ತಿದ್ದಾನೆ ಎಂಬುದು ಅವನ ಮಾತಿನ ಸಾರ. 2009ರಲ್ಲಿ ಇದೇ ಕಂಪನಿ ದಂಡಿ ಯಾತ್ರೆಯ 241 ಮೈಲಿಗಳ ನೆನಪಿಗೆ ಗಾಂಧಿಯ ಹೆಸರಲ್ಲಿ 241 ಪೆನ್ನುಗಳನ್ನು, ಒಂದಕ್ಕೆ 11 ಲಕ್ಷ ರೂಪಾಯಿಗೂ ಮೇಲ್ಪಟ್ಟ ಬೆಲೆಗೆ ತಂದಾಗ ಭಾರತದಲ್ಲಿ ಎದ್ದ ಆಕ್ಷೇಪವೂ ಜೆರೋಮನದೇ. ವಿಷಯ ಕೇರಳದ ನ್ಯಾಯಾಲಯ ತಲುಪಿ ಮಾರಾಟ ನಿಂತಿತು.

ಜೆರೋಮನ ಸಿಟ್ಟು ಸರಿ. ಆದರೂ ನೇರಳೆ ಗ್ರಂಥಕ್ಕೂ ಪೆಟ್ಟಿಗೆಯ ಪೆನ್ನಿಗೂ ವ್ಯತ್ಯಾಸವಿದೆ. ಆ ಗ್ರಂಥ ಇದ್ದದ್ದು ಪೂಜೆಯಲ್ಲಿ ಗಟ್ಟಿಯಾಗಿ ಓದಲು. ಅದರ ಕೊನೆಯ ಅರ್ಪಣಾ ಪದ್ಯವನ್ನು ಬರೆದದ್ದೂ ಓದಲು ಸುಲಭವಾದ ಆ ಹೊಸ ಸಣ್ಣಕ್ಷರದಲ್ಲೇ. ಸಂಗ್ರಹಕಾರರಾದರೋ ಸೀಮಿತ ಆವೃತ್ತಿಯ ಪೆನ್ನಿಗೆ ಅನೇಕ ಸಲ ಮಸಿಯನ್ನೇ ಸೋಕಿಸುವುದಿಲ್ಲ, ಬರೆದರೆ ಬೆಲೆ ಇಳಿಯುತ್ತದೆ. ಬರೆಯಬೇಕೆಂದು ಹಂಬಲಿಸಿದವನ ಹೆಸರು ಹೊತ್ತ ಪೆನ್ನು ಬರೆಯದೇ ಉಳಿಯುವುದು ಅವನಿಗೆ ಮಾಡುವ ಅನ್ಯಾಯ.

ಆ ಹೆಸರಿಗೆ ರಕ್ತವೂ ಅಂಟಿದೆ. 782ರಲ್ಲಿ ವೆರ್ಡೆನ್ ಎಂಬಲ್ಲಿ ಸ್ಯಾಕ್ಸನ್ ಜನಾಂಗದ 4500 ಮಂದಿಯ ತಲೆ ಕಡಿಸಿದನೆಂದು ಅವನ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ. ಸ್ಯಾಕ್ಸನರಿಗೆ ಅವನು ಕೊಟ್ಟ ಶಾಸನದಲ್ಲಿ ದೀಕ್ಷಾಸ್ನಾನ ಒಲ್ಲೆನೆಂದು ಅಡಗಿ ಕೂತವನಿಗೆ ಮರಣದಂಡನೆ. ಪ್ರಾರ್ಥನೆ ತಪ್ಪಬಾರದೆಂಬ ಕಳಕಳಿಗೂ ಪ್ರಾರ್ಥಿಸದವನನ್ನು ಕೊಲ್ಲುವ ಹಟಕ್ಕೂ ಮೂಲ ಒಂದೇ ಆಗಿತ್ತು: ಪ್ರಜೆಗಳ ಆತ್ಮಕ್ಕೆ ತಾನು ಜವಾಬ್ದಾರ ಎಂಬ ನಂಬಿಕೆ. ಈ ಹಟವನ್ನು ಎದುರಿಸಿದ್ದು ಒಂದು ಲೇಖನಿ. ನಂಬಿಕೆ ಮನಸ್ಸೊಪ್ಪಿ ಬರಬೇಕು, ಮನುಷ್ಯನನ್ನು ಅದರತ್ತ ಸೆಳೆಯಬಹುದು, ಬಲವಂತ ಮಾಡಲಾಗದು ಎಂದು ಆಲ್ಕುಯಿನ್ 796ರಲ್ಲಿ ಆಸ್ಥಾನದ ಅಧಿಕಾರಿಗೆ ಪತ್ರ ಬರೆದ. ಹೊಸದಾಗಿ ಗೆದ್ದ ಜನರ ಮೇಲೆ ದಶಮಾಂಶದ ತೆರಿಗೆ ಹೇರಬೇಡಿರೆಂದು ದೊರೆಗೂ ಬರೆದ. ಮರುವರ್ಷ, 797ರಲ್ಲಿ, ಸ್ಯಾಕ್ಸನರಿಗೆಂದು ಹೊರಟ ಹೊಸ ಶಾಸನ ಹಿಂದಿನದಕ್ಕಿಂತ ಮೃದುವಾಗಿತ್ತು, ಹಲವು ಅಪರಾಧಗಳಿಗೆ ತಲೆಯ ಬದಲು ಜುಲ್ಮಾನೆ ಸಾಕೆಂದಿತು.