ಚಂದ್ರಕಾಂತಕ್ಕೆ ಬೆಲೆ ಕಟ್ಟುವುದು

ಕಾವ್ಯ ಓದಿದವರಿಗೆ ಚಂದ್ರಕಾಂತ ಶಿಲೆ ಹೊಸದಲ್ಲ. ಬೆಳದಿಂಗಳು ಬಿದ್ದರೆ ಅದು ನೀರೊಸರುತ್ತದೆ ಎಂಬುದು ಹಳೆಯ ಕವಿಸಮಯ. ಭವಭೂತಿ ‘ಉತ್ತರರಾಮಚರಿತ’ದಲ್ಲಿ ಈ ಕಲ್ಲನ್ನು ನೆನೆಯುವುದು, ಪ್ರೀತಿಗೆ ಹೊರಗಿನ ಗುಣಗಳು ಕಾರಣವಲ್ಲ, ಒಳಗೇ ಏನೋ ಇದೆ ಎಂದು ಹೇಳುವ ಸಂದರ್ಭದಲ್ಲಿ. ಅದೇ ಕಲ್ಲು ಈಗ ತುಮಕೂರಿನ ಅಂಗಡಿಗಳಲ್ಲಿ ‘ಮೂನ್‌ಸ್ಟೋನ್’ ಎಂಬ ಹೆಸರಿನಲ್ಲಿ ಬೆಳ್ಳಿ ಉಂಗುರದೊಳಗೆ ಕೂತಿರುತ್ತದೆ. ಮುತ್ತು ದುಬಾರಿಯಾದವರಿಗೆ ಜ್ಯೋತಿಷಿಗಳು ಹೇಳುವ ಬದಲಿ ಕಲ್ಲು ಅದು. ಒಸರುವುದಿಲ್ಲ. ಆದರೆ ಭವಭೂತಿಯ ಪ್ರಶ್ನೆ ಮಾತ್ರ ಹಾಗೇ ಇದೆ: ಒಂದು ವಸ್ತುವಿನ ಬೆಲೆ ಇರುವುದು ಹೊರಗೋ ಒಳಗೋ?

ಮೊದಲು ಕಲ್ಲನ್ನೇ ನೋಡೋಣ. ಚಂದ್ರಕಾಂತ ಫೆಲ್ಡ್‌ಸ್ಪಾರ್ ಎಂಬ ಖನಿಜದ ಕುಟುಂಬದ್ದು. ಈ ಕುಟುಂಬವನ್ನು ನಾವು ದಿನಾ ತುಳಿಯುತ್ತೇವೆ. ರಾಮನಗರದಿಂದ ಮಾಗಡಿ, ಮಧುಗಿರಿ, ಪಾವಗಡದ ಕಡೆಗೆ ಹಬ್ಬಿರುವ, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಬಂಡೆಸಾಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರಲ್ಲಿ ಹೆಬ್ಬೆರಳ ಗಾತ್ರದ ಗುಲಾಬಿ ಹರಳುಗಳು ಕಾಣುತ್ತವಲ್ಲ, ಅವು ಫೆಲ್ಡ್‌ಸ್ಪಾರ್. ಚಪ್ಪಡಿಯಲ್ಲಿ ಅವಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಚಂದ್ರಕಾಂತದಲ್ಲಿ ಆರ್ಥೊಕ್ಲೇಸ್ ಮತ್ತು ಆಲ್ಬೈಟ್ ಎಂಬ ಎರಡು ಬಗೆಯ ಫೆಲ್ಡ್‌ಸ್ಪಾರ್‌ಗಳು ನಿಧಾನವಾಗಿ ತಣ್ಣಗಾಗುವಾಗ ಬೇರ್ಪಟ್ಟು, ಒಂದರ ಮೇಲೊಂದು ಪದರವಾಗಿ ನಿಂತಿರುತ್ತವೆ. ಬೆಳಕು ಆ ಪದರಗಳಲ್ಲಿ ಚೆದುರಿ ಮೇಲೆ ತೇಲಿದಂತೆ ಕಾಣುತ್ತದೆ. ಪದರ ಬಹಳ ತೆಳುವಾಗಿದ್ದರೆ ನೀಲಿ ಹೊಳಪು, ದಪ್ಪವಾದರೆ ಬಿಳಿ. ಬಂಡೆಗೂ ರತ್ನಕ್ಕೂ ಇರುವ ಅಂತರ ಇಷ್ಟೇ, ವಸ್ತುವಿನಲ್ಲಿ ಅಲ್ಲ, ಜೋಡಣೆಯಲ್ಲಿ.

ಪರೀಕ್ಷಿಸುವುದಕ್ಕೆ ಒಂದೇ ಒಂದು ಬಲ್ಬು ಸಾಕು. ಕಲ್ಲನ್ನು ತಿರುಗಿಸಿದಾಗ ನೀಲಿ ಹೊಳಪು ಗುಮ್ಮಟದ ಮೇಲೆ ಜಾರಿ ಹೋಗಬೇಕು. ಮೈ ಬಣ್ಣವಿಲ್ಲದೆ ಪಾರದರ್ಶಕವಾಗಿದ್ದಷ್ಟೂ ಬೆಲೆ ಹೆಚ್ಚು. ಕಡೆಯುವವನು ಗುಮ್ಮಟವನ್ನು ಪದರಗಳಿಗೆ ಸರಿಯಾಗಿ ಕೂರಿಸದಿದ್ದರೆ ಹೊಳಪು ಒಂದು ಪಕ್ಕಕ್ಕೆ ಓಡುತ್ತದೆ. ಹಾಗಾಗಿ ಕಲ್ಲಿನ ಗುಣ ಅಂದಾಗ ಅರ್ಧ ಆ ಕೈಯ ಗುಣ. ಓಪಲೈಟ್ ಎಂಬ ಗಾಜಿನಲ್ಲೂ ನೀಲಿ ಇರುತ್ತದೆ, ಆದರೆ ಅದು ಜಾರುವುದಿಲ್ಲ, ಮೈತುಂಬ ಒಂದೇ ಸಮ ಹರಡಿರುತ್ತದೆ. ಬೆಳಕಿಗೆ ಅಡ್ಡ ಹಿಡಿದರೆ ಹಳದಿಯಾಗುತ್ತದೆ. ಭೂತಗನ್ನಡಿಯಲ್ಲಿ ಒಮ್ಮೊಮ್ಮೆ ಗುಳ್ಳೆ ಸಿಗುತ್ತದೆ. ಅಸಲಿ ಕಲ್ಲಿನಲ್ಲಿ ಜರಿಹುಳುವಿನ ಕಾಲುಗಳಂಥ ಸಣ್ಣ ಬಿರುಕುಗಳಿರಬಹುದು. ನನಗೆ ತುಂಬ ಹಿಡಿಸಿದ ಸಂಗತಿ ಇದು. ಬೆಲೆ ಇಳಿಸುವ ಆ ಬಿರುಕೇ ಅದು ಗಾಜಲ್ಲ ಎಂಬುದಕ್ಕೆ ಸಾಕ್ಷಿ.

ಇನ್ನು ಹುಟ್ಟೂರಿನ ಮಾತು. ಶ್ರೀಲಂಕಾದ ಮೀಟಿಯಾಗೊಡದ ನೀಲಿ ಚಂದ್ರಕಾಂತಕ್ಕೆ ಹೆಸರಿದೆ, ಆದ್ದರಿಂದ ‘ಸಿಲೋನ್ ಕಲ್ಲು’ ಅಂದರೆ ಸಾಕು, ಗಿರಾಕಿಯ ಮುಖ ಬದಲಾಗುತ್ತದೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್‌ನಲ್ಲಿ ಈ ಲೆಕ್ಕ ಯಾರಿಗೂ ವಿವರಿಸಬೇಕಿಲ್ಲ. ಮರಿಯ ಬೆಲೆಯನ್ನು ತಂದೆತಾಯಿಯ ವಂಶ ನೋಡಿ ಕಟ್ಟುತ್ತಾರೆ. ಆದರೆ ಕುದುರೆ ಒಂದು ದಿನ ಓಡುತ್ತದೆ, ವಂಶದ ಮಾತು ನಿಜವೋ ಸುಳ್ಳೋ ಅಲ್ಲಿ ಗೊತ್ತಾಗುತ್ತದೆ. ಕಲ್ಲು ಓಡುವುದಿಲ್ಲ. ಚಿನ್ನಕ್ಕಾದರೂ ಈಗ ಹಾಲ್‌ಮಾರ್ಕ್ ಮತ್ತು ಆರು ಅಂಕಿ-ಅಕ್ಷರಗಳ ಗುರುತು ಇದೆ. ಉಂಗುರದ ಮೇಲಿನ ಕಲ್ಲಿಗೆ ಹಾಗೊಂದು ಮುದ್ರೆಯಿಲ್ಲ, ಮಾರುವವನ ಮಾತೇ ಮುದ್ರೆ.

ಹಾಗಾದರೆ ನಕಲಿ ಎಲ್ಲವೂ ಮೋಸವೇ? ಗುಬ್ಬಿಯನ್ನು ನೆನಪಿಸಿಕೊಳ್ಳಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಆದರೆ ದುರ್ಯೋಧನನ ಕಿರೀಟದಲ್ಲಿ ನಿಜವಾದ ವಜ್ರವಿದೆಯೆಂದು ಟಿಕೆಟ್ ಕೊಂಡ ಯಾರೂ ನಂಬಿರಲಾರರು. ಅಲ್ಲಿ ಗಾಜು ಸುಳ್ಳು ಹೇಳುವುದಿಲ್ಲ. ನೋಡುವವನೂ ತೋರಿಸುವವನೂ ಒಪ್ಪಿಕೊಂಡೇ ಕೂತಿರುತ್ತಾರೆ. ಓಪಲೈಟನ್ನು ಓಪಲೈಟ್ ಎಂದೇ ಮಾರಿದರೆ ನನಗೇನೂ ತಕರಾರಿಲ್ಲ, ಚೆನ್ನಾಗಿಯೇ ಇರುತ್ತದೆ.

‘ರೇನ್‌ಬೋ ಮೂನ್‌ಸ್ಟೋನ್’ ವಿಷಯ ಇಷ್ಟು ಸುಲಭವಲ್ಲ. ಅದು ಖನಿಜದ ಲೆಕ್ಕದಲ್ಲಿ ಲ್ಯಾಬ್ರಡೊರೈಟ್, ಅದೇ ಫೆಲ್ಡ್‌ಸ್ಪಾರ್ ಕುಟುಂಬದ ಇನ್ನೊಂದು ಕಲ್ಲು. ವ್ಯಾಪಾರದಲ್ಲಿ ಆ ಹೆಸರು ರೂಢಿಯಾಗಿಬಿಟ್ಟಿದೆ, ‘ಎಲ್ಲರೂ ಹಾಗೇ ಅಂತಾರೆ’ ಎಂಬುದು ಅಂಗಡಿಯವರ ಸಮರ್ಥನೆ. ಭಾಷೆ ಓದುವವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು, ರೂಢಿಯೇ ಅಲ್ಲವೇ ಪದಕ್ಕೆ ಅರ್ಥ ಕೊಡುವುದು? (ವಿಲ್ಕಿ ಕಾಲಿನ್ಸ್‌ನ 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ, 1799ರ ಶ್ರೀರಂಗಪಟ್ಟಣದ ದಾಳಿಯಲ್ಲಿ ದೋಚಿಕೊಂಡು ಹೋದ ಕಲ್ಲು ಮೂನ್‌ಸ್ಟೋನೇ ಅಲ್ಲ, ಹಳದಿ ವಜ್ರ.) ಆದರೂ ನನ್ನ ಒರೆಗಲ್ಲು ಸರಳ. ಗಿರಾಕಿ ಕೇಳಿದಾಗ ಅಂಗಡಿಯವನು ತನಗೆ ಗೊತ್ತಿದ್ದದ್ದನ್ನು ಹೇಳುತ್ತಾನೋ, ಹೆಸರಿನ ಹಿಂದೆ ಅಡಗುತ್ತಾನೋ?

ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಸ್ಕಾಲರ್‌ಶಿಪ್ ಹಣದಲ್ಲಿ ಅಮ್ಮನಿಗೆ ಇಂಥದ್ದೊಂದು ಉಂಗುರ ಕೊಂಡಿದ್ದಳು. ‘ಅಸಲಿ’ ಎಂದು ಕೊಟ್ಟದ್ದು ಗಾಜು ಎಂದು ಆಮೇಲೆ ತಿಳಿಯಿತು. “ಅಮ್ಮನಿಗೆ ಹೇಳಬೇಕಾ ಮೇಡಂ?” ಎಂದು ತರಗತಿಯಲ್ಲೇ ಕೇಳಿದಳು. ಗುಬ್ಬಿಯ ಹುಡುಗನೊಬ್ಬ, “ಅವರು ಖುಷಿಪಟ್ಟದ್ದು ನಿನ್ನನ್ನ ನೋಡಿ, ಕಲ್ಲನ್ನಲ್ಲ. ಸುಮ್ಮನಿರು,” ಅಂದ. ಭವಭೂತಿ ಅವನ ಪಕ್ಷವೇ ಇರಬಹುದು. ನಾನು ಅವನ ಪಕ್ಷವಲ್ಲ. ನಮ್ಮ ಮನೆಗಳಲ್ಲಿ ಒಡವೆ ಬರೀ ಒಡವೆಯಲ್ಲ, ಕಷ್ಟಕಾಲದ ಗಂಟು. ಆ ತಾಯಿ ಯಾವತ್ತೋ ಫೀಸಿಗೆಂದು ಉಂಗುರವನ್ನು ಗಿರವಿ ಅಂಗಡಿಗೆ ಒಯ್ದರೆ, ಮಗಳು ಹೇಳದೆ ಬಿಟ್ಟ ಸತ್ಯವನ್ನು ಅಪರಿಚಿತನೊಬ್ಬ ನಾಲ್ಕು ಜನರ ಮುಂದೆ ಹೇಳುತ್ತಾನೆ. ಅಲ್ಲದೆ, ಅಮ್ಮನಿಗೆ ಸತ್ಯ ತಡೆದುಕೊಳ್ಳಲು ಆಗುವುದಿಲ್ಲ ಎಂದು ಮಗಳೇ ತೀರ್ಮಾನಿಸುವುದು ಪ್ರೀತಿಯಂತೆ ಕಂಡರೂ ಅದರಲ್ಲಿ ಸ್ವಲ್ಪ ತಾತ್ಸಾರವಿದೆ.

ಅವಳು ಹೇಳಿದಳಂತೆ. ಅಮ್ಮ ಉಂಗುರವನ್ನು ತಿರುಗಿಸಿ ನೋಡಿ, “ಗಾಜಾದ್ರೆ ಗಾಜು ಬಿಡು. ಎಷ್ಟು ಕೊಟ್ಟೆ ಅದಕ್ಕೆ?” ಅಂದರಂತೆ. ಮೊತ್ತ ಕೇಳಿದ ಮೇಲೆ ಸಿಟ್ಟು ಬಂತು. “ಉಂಗುರ ನಾನು ವಾಪಸ್ ಕೊಡಲ್ಲ ಕಣೆ. ಗಾಜಿಗೆಷ್ಟೋ ಅಷ್ಟು ಇಟ್ಕೊಂಡು ಮಿಕ್ಕಿದ್ದು ಕೊಡಲಿ, ನಾಳೆ ಹೋಗಿ ಕೇಳು.” ಮಗಳು ಹೋಗಿ ಕೇಳಿದಳು. ಎರಡು ಸಲ ಅಲೆದ ಮೇಲೆ ಅರ್ಧ ದುಡ್ಡು ಸಿಕ್ಕಿತು. ಉಂಗುರ ಈಗಲೂ ಪಾತ್ರೆ ತಿಕ್ಕುವ ಕೈಯಲ್ಲೇ ಇದೆ, ಗೀರು ಬಿದ್ದು ಮಂಕಾಗಿದೆಯಂತೆ.